ಗೋಗೋ ಹೇಳಿದ್ದು, ಮಬಾಸೊ ಬರೆದದ್ದು

ಡರ್ಬನ್
9 ಫೆಬ್ರವರಿ 1997

ಪ್ರೀತಿಯ ಗೋಗೋ ಮಾಸಿಬಿಯಾ ಅವರಿಗೆ,

ಮಖೋಸಿ. ಮೊದಲು ನಿಮ್ಮ ಹಿರಿಯರಿಗೆ ನಮಸ್ಕಾರ, ಆಮೇಲೆ ನಿಮಗೆ.

ನಿಮ್ಮ ಅಂಗಳ ಬಿಟ್ಟು ಬಂದು ಇಪ್ಪತ್ತಾರು ದಿನವಾಯಿತು. ಹನ್ನೊಂದು ತಿಂಗಳು ನಿಮ್ಮ ಮುಂದೆ ಮೊಣಕಾಲಲ್ಲೇ ಓಡಾಡಿದವಳು ನಾನು. ಮೊನ್ನೆ ವಿಶ್ವವಿದ್ಯಾಲಯದಲ್ಲಿ ನಮ್ಮ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದಾಗ ಅಭ್ಯಾಸಬಲದಿಂದ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಮಂಡಿಯೂರಿಬಿಟ್ಟೆ. ಅವರು ಗಾಬರಿಯಿಂದ ಎದ್ದರು. ಪೆನ್ನು ಬಿತ್ತು ಎಂದು ಸುಳ್ಳು ಹೇಳಿದೆ. ಪಾಪ, ಅವರೂ ಬಗ್ಗಿ ಹುಡುಕಿದರು.

ಐದು ವರ್ಷದ ಹಿಂದೆ ನಾನು ಟೇಪ್ ರೆಕಾರ್ಡರ್ ಹಿಡಿದು ನಿಮ್ಮಲ್ಲಿಗೆ ಬಂದಿದ್ದು ನಿಮಗೆ ನೆನಪಿದೆಯೇ? ನಾಟಿ ವೈದ್ಯರ ಬಗ್ಗೆ ಪುಸ್ತಕ ಬರೆಯಬೇಕಿತ್ತು. ವೈದ್ಯರಾಗಲು ತೀರಿಹೋದ ಹಿರಿಯರ ಕರೆ ಬರುತ್ತದೆ ಅನ್ನುತ್ತೀರಲ್ಲ, ಅದು ಯಾರಿಗೆ ಬರುತ್ತದೆ, ಯಾವ ವಯಸ್ಸಿಗೆ, ಮದುವೆಯಾದವರಿಗೋ ಆಗದವರಿಗೋ ಎಂದು ಮೂರು ದಿನ ನಿಮ್ಮ ತಲೆ ತಿಂದೆ. ಮೂರನೆಯ ದಿನ ನೀವು ನನಗೆ ಒಂದೇ ಪ್ರಶ್ನೆ ಕೇಳಿದಿರಿ: "ನಿಂಗೆ ನಿದ್ದೆ ಬರತ್ತಾ?" ನಾನು ಟೇಪ್ ನಿಲ್ಲಿಸಿದೆ. ಪುಸ್ತಕ ಅಚ್ಚಾದ ಮೇಲೂ ನಿದ್ದೆ ಬರಲಿಲ್ಲ. ಗಂಡ ಬಿಟ್ಟುಹೋದ, ಮೈಯಲ್ಲಿ ಇಪ್ಪತ್ತು ಕಿಲೋ ಕರಗಿತು, ಕೊನೆಗೆ ತೋರಿಸಲು ಯಾವ ಡಾಕ್ಟರೂ ಉಳಿಯದೆ ನಿಮ್ಮ ಬಾಗಿಲಿಗೇ ಬಂದು ಬಿದ್ದೆ. ಇದು ಹಿರಿಯರ ಕರೆ ಎಂದು ನೀವು ನನಗೆ ವಿದ್ಯೆ ಕಲಿಸಿದಿರಿ. ಈಗ ನನ್ನನ್ನು ಎಬ್ಬಿಸಲು ಅಲಾರಾಂ ಬೇಕು.

ಇಲ್ಲಿ ಯಾರಿಗೂ ಹೇಳಿಲ್ಲ. ಅನಾರೋಗ್ಯದ ರಜೆ ಎಂದೇ ಎಲ್ಲರೂ ತಿಳಿದಿದ್ದಾರೆ. ಈ ಸೆಕೆಯಲ್ಲೂ ಉದ್ದ ತೋಳಿನ ರವಿಕೆ ಹಾಕುತ್ತೇನೆ, ನಾಟಿ ವೈದ್ಯೆಯ ಮಣಿ ಕಾಣದಿರಲಿ ಎಂದು. ಮನೆಯಲ್ಲಿ ಇಂಪೆಫೊ ಸುಟ್ಟು ಹಿರಿಯರಿಗೆ ಧೂಪ ಹಾಕಿದರೆ ಪಕ್ಕದ ಮನೆಯ ಶ್ರೀಮತಿ ಪಿಳ್ಳೆ ಬಾಗಿಲು ಬಡಿದರು. "ಏನಮ್ಮಾ, ಸಾಂಬ್ರಾಣಿ ಹಾಕಿದ್ಯಾ? ಒಳ್ಳೇದು, ಹಾಕು. ಆದ್ರೆ ಕಿಟಕಿ ತೆಗಿ, ನನ್ನ ಒಗೆದ ಬಟ್ಟೆ ಎಲ್ಲಾ ಆಡಿನ ಕೊಟ್ಟಿಗೆ ವಾಸನೆ ಬರ್ತಿದೆ."

ಈ ಪತ್ರವನ್ನು ಯಾರ ಕೈಲಾದರೂ ಓದಿಸಿಕೊಳ್ಳಿ. ನೀವು ಹೇಗಿದ್ದೀರಿ ಎಂದು ಬರೆಸಿ.

ನಿಮ್ಮ ಶಿಷ್ಯೆ,
ನೊಮಲಂಗಾ


ಎಮ್ಫುಲೆನಿ
2 ಮಾರ್ಚ್ 1997

ಮಾನ್ಯ ಡಾಕ್ಟರ್ ಖೋಝಾ ಅವರಿಗೆ,

ನಾನು ಎಫ್ರೈಮ್ ಮಬಾಸೊ. ಕೋರ್ಟಿನಲ್ಲಿ ಮೂವತ್ತೊಂದು ವರ್ಷ ದುಭಾಷಿಯಾಗಿದ್ದು ನಿವೃತ್ತನಾದವನು; ಈ ಊರಿನ ಲೂಥರನ್ ಚರ್ಚಿನ ಹಿರಿಯ. ಶ್ರೀಮತಿ ಮಾಸಿಬಿಯಾ ಅವರ ಕೋರಿಕೆಯ ಮೇರೆಗೆ ಅವರ ಮಾತನ್ನು ಬರೆಯುತ್ತಿದ್ದೇನೆ. ನನ್ನ ಪದ್ಧತಿ ಏನೆಂದರೆ, ಹೇಳಿದ್ದನ್ನು ಹೇಳಿದಂತೆಯೇ ಬರೆಯುವುದು. ಒಂದು ಮಾತು ಸೇರಿಸುವುದಿಲ್ಲ, ಒಂದು ಮಾತು ಬಿಡುವುದಿಲ್ಲ. ಚರ್ಚಿನ ಕಾರಣದಿಂದ ನಾನು ಅವರ ಗುಡಿಸಲಿನ ಒಳಗೆ ಹೋಗುವುದಿಲ್ಲ. ಹೊರಗೆ ಮರದ ಕೆಳಗೆ ಕೂತಿದ್ದೇನೆ. ಅವರು ಬಾಗಿಲಲ್ಲಿ ಕೂತು ಹೇಳುತ್ತಾರೆ; ಧ್ವನಿ ಇಲ್ಲಿಗೆ ಚೆನ್ನಾಗಿ ಕೇಳಿಸುತ್ತದೆ. ಮುಂದಿನದು ಅವರ ಮಾತು.

ನೊಮಲಂಗಾ, ಮಗಳೇ, ಕೇಳಿದ್ಯಲ್ಲ, ಈ ಮುದುಕ ಒಳಗೆ ಬರಲ್ವಂತೆ. ದೇವ್ರು ನೋಡ್ತಾನಂತೆ. ಮರದ ಕೆಳಗೆ ಕೂತ್ರೆ ದೇವ್ರಿಗೆ ಕಾಣಲ್ವಾ ಅಂತ ಕೇಳ್ದೆ, ಹ್ಯಾಟು ಸರಿ ಮಾಡ್ಕೊಂಡ. (ಹೇಳಿದಂತೆಯೇ ಬರೆದಿದ್ದೇನೆ.)

ನಾನು ಚೆನ್ನಾಗಿದೀನಿ. ಆಡು ಎರಡು ಮರಿ ಹಾಕಿದೆ. ಕುಂಬಳಕಾಯಿ ಚೆನ್ನಾಗಿ ಬಂದಿದೆ, ತಿನ್ನೋಕೆ ನೀನಿಲ್ಲ. ನೀನು ಹೋದ್ಮೇಲೆ ಬಂದಿರೋ ಹೊಸ ಶಿಷ್ಯೆ ಡೋಲು ಬಾರಿಸಿದ್ರೆ ಕೋಳಿ ಮೊಟ್ಟೆ ಇಡೋದು ನಿಲ್ಲಿಸತ್ತೆ. ನಿನ್ನ ಕೈ ಅಷ್ಟು ಕೆಟ್ಟದಾಗಿರ್ಲಿಲ್ಲ. ಹೊಗಳ್ತಿದೀನಿ ಅಂದ್ಕೋಬೇಡ.

ಊಟ ಸರಿಯಾಗಿ ಮಾಡು. ಅಂಗಡಿ ಬ್ರೆಡ್ಡು ಊಟ ಅಲ್ಲ. ಮೆಕ್ಕೆಜೋಳದ ಹಿಟ್ಟಲ್ಲಿ ಪುತು ಮಾಡ್ಕೋ, ಹುಳಿಮೊಸರು ಹಾಕ್ಕೊಂಡು ತಿನ್ನು. ಪೆನ್ನು ಬಿತ್ತು ಅಂದ ಕಥೆ ಕೇಳಿ ಮಬಾಸೊನೂ ನಕ್ಕ. (ನಕ್ಕಿಲ್ಲ. ಕೆಮ್ಮಿದೆ.)

ನಿನ್ನ ಗೋಗೋ


ಡರ್ಬನ್
6 ಏಪ್ರಿಲ್ 1997

ಪ್ರೀತಿಯ ಗೋಗೋ,

ಒಂದು ಸಂತೋಷದ ಸುದ್ದಿ. ಬಾಬಾ ಮಬಾಸೊ, ನಿಧಾನವಾಗಿ ಓದಿ ಹೇಳಿ.

ಕ್ಷಯದ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಮಾತ್ರೆಯನ್ನು ಆರು ತಿಂಗಳು ದಿನವೂ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಜನ ಬಿಟ್ಟುಬಿಡುತ್ತಾರೆ. ಆಮೇಲೆ ಕಾಯಿಲೆ ಮೊದಲಿಗಿಂತ ಗಟ್ಟಿಯಾಗಿ ಬರುತ್ತದೆ. ದಿನವೂ ಎದುರಿಗೆ ಕೂತು ನುಂಗಿಸುವವರು ಬೇಕು. ಇಲ್ಲಿನ ಆಸ್ಪತ್ರೆಯ ಸಭೆಯಲ್ಲಿ ಯಾರನ್ನು ನೇಮಿಸೋಣ ಎಂದು ಚರ್ಚೆ ನಡೆಯುತ್ತಿತ್ತು. ನಾನು ಎದ್ದು ಕೇಳಿದೆ: ಹಳ್ಳಿಯಲ್ಲಿ ಮೈ ಸರಿಯಿಲ್ಲದವರು ಮೊದಲು ಹೋಗುವುದು ಯಾರ ಬಳಿಗೆ? ನಾಟಿ ವೈದ್ಯೆಯರಾದ ಗೋಗೋಗಳ ಬಳಿಗೆ. ಅವರನ್ನೇ ಏಕೆ ಕೇಳಬಾರದು?

ಹತ್ತು ನಿಮಿಷ ವಾದ ನಡೆಯಿತು. ಕೊನೆಗೆ ಒಂದು ಅಧ್ಯಯನ ಮಾಡಿ ನೋಡೋಣ ಎಂದರು. ಅದರ ಹೊಣೆ ನನ್ನದು. ಮೊದಲು ನಿಮ್ಮ ಕಡೆಯ ಆಸ್ಪತ್ರೆಯಲ್ಲೇ ಆರಂಭ. ಅಲ್ಲಿ ಕ್ಷಯದ ವಾರ್ಡನ್ನು ನೋಡಿಕೊಳ್ಳುವವರು ಸಿಸ್ಟರ್ ಗುಮೆದೆ ಎಂಬ ನರ್ಸ್. ನೀವು ಒಂದು ದಿನ ನನ್ನ ಜೊತೆ ಬಂದು ಅವರನ್ನು ನೋಡಿದರೆ, ಸುತ್ತಲಿನ ಉಳಿದ ಗೋಗೋಗಳೂ ಬರುತ್ತಾರೆ. ಬರುತ್ತೀರಲ್ಲ?

ನಿಮ್ಮ,
ನೊಮಲಂಗಾ


ಎಮ್ಫುಲೆನಿ
27 ಏಪ್ರಿಲ್ 1997

ನೊಮಲಂಗಾ,

ಬರಲ್ಲ.

ಕಾರಣ ಕೇಳ್ತೀಯ, ಹೇಳ್ತೀನಿ. ಈ ಮುದುಕಂಗೂ ಗೊತ್ತಿಲ್ಲ, ಅವನೂ ಕೇಳ್ಕೊಳ್ಲಿ.

ಐವತ್ತೆಂಟನೇ ಇಸವಿ. ನಂಗೆ ಇಪ್ಪತ್ತೆರಡು ವರ್ಷ. ಆಗ ತಾನೇ ವಿದ್ಯೆ ಮುಗ್ಸಿ ಎದೆ ಮೇಲೆ ಅಡ್ಡಡ್ಡ ಮಣಿಸರ ಹಾಕ್ಕೊಂಡಿದ್ದೆ. ನನ್ನ ಮೊದಲ ಮಗು ಹೆಣ್ಣು, ಒಂಬತ್ತು ತಿಂಗಳದು. ಹಾಲು ಕುಡೀತಿರ್ಲಿಲ್ಲ, ಎದೆ ಗೊರಗೊರ ಅಂತಿತ್ತು. ನನ್ನ ಕೈಲಾಗಲ್ಲ ಅಂತ ಗೊತ್ತಾಯ್ತು. ಬೆನ್ನಿಗೆ ಕಟ್ಕೊಂಡು ಇದೇ ಆಸ್ಪತ್ರೆಗೆ, ಆಗ ಅದು ಮಿಷನ್ನವರದು, ನಡ್ಕೊಂಡು ಹೋದೆ. ಅಲ್ಲೊಬ್ಳು ನರ್ಸು. ಮಗೂನ ಇಸ್ಕೊಂಡು ಇನ್ನೊಬ್ಳ ಕೈಗೆ ಕೊಟ್ಟು, ಈ ದರಿದ್ರ ಹಾಕ್ಕೊಂಡು ಒಳಗೆ ಬರ್ಬೇಡ ಅಂತ ಕತ್ರಿ ತಗೊಂಡು ನನ್ನ ಸರ ಕತ್ತರಿಸಿದ್ಲು. ಮಣಿ ಎಲ್ಲಾ ನೆಲದ ಮೇಲೆ ಉರುಳ್ಕೊಂಡು ಹೋಯ್ತು. ಮಂಚದ ಕೆಳಗೆ, ಜನರ ಕಾಲ ಕೆಳಗೆ. ಅದು ನನ್ನ ಅಜ್ಜಿ ಮಣಿ. ನಾನು ಮಂಡಿ ಊರಿ ಆಯ್ಕೊಳ್ತಾ ಇದ್ದೆ. ಅಲ್ಲೊಂದು, ಇಲ್ಲೊಂದು. ಎದ್ದು ಬಾಗಿಲ ಹತ್ರ ಹೋಗೋ ಹೊತ್ತಿಗೆ ಮಗೂಗೆ ಬಿಳೀ ಬಟ್ಟೆ ಹೊದಿಸಿದ್ರು.

(ಇಲ್ಲಿ ಅವರು ಎದ್ದು ಒಳಗೆ ಹೋಗಿ ಬಂದರು.)

ಆವತ್ತಿಂದ ಅಲ್ಲಿಗೆ ಕಾಲಿಟ್ಟಿಲ್ಲ. ರೋಗಿಗಳ್ನ ಕಳಿಸ್ತೀನಿ, ಬೇಡ ಅನ್ನಲ್ಲ. ನಾನು ಹೋಗಲ್ಲ. ನಿನ್ನ ಮೇಲೆ ಕೋಪ ಇಲ್ಲ. ಚೆನ್ನಾಗಿ ಕೆಲ್ಸ ಮಾಡು.

ನಿನ್ನ ಗೋಗೋ


ಎಮ್ಫುಲೆನಿ
29 ಏಪ್ರಿಲ್ 1997

ಮಾನ್ಯ ಡಾಕ್ಟರ್ ಖೋಝಾ ಅವರಿಗೆ,

ಈ ಪತ್ರವನ್ನು ನನಗೆ ಯಾರೂ ಹೇಳಿ ಬರೆಸುತ್ತಿಲ್ಲ.

ಕೋರ್ಟಿನಲ್ಲಿ ನಾನು ಮೂವತ್ತೊಂದು ವರ್ಷ ಬಾಯಿ ತೆರೆದದ್ದು ಬೇರೆಯವರ ಮಾತಿಗಾಗಿ. ಒಮ್ಮೆ ಒಬ್ಬ ಕೂಲಿಯವನು ನ್ಯಾಯಾಧೀಶರ ಪ್ರಶ್ನೆ ಅರ್ಥವಾಗದೆ ಹೌದು ಎಂದ. ಅವನಿಗೆ ಅರ್ಥವಾಗಿಲ್ಲವೆಂದು ನನಗೆ ತಿಳಿದಿತ್ತು. ಹೌದು ಎಂದೇ ಅನುವಾದಿಸಿದೆ. ಏಳು ವರ್ಷ ಶಿಕ್ಷೆಯಾಯಿತು. ನಾನು ನಿಯಮ ಮೀರಲಿಲ್ಲ ಎಂದು ಎಲ್ಲರೂ ಹೇಳಿದರು. ಅವನ ಮುಖ ಈಗಲೂ ಕಾಣುತ್ತದೆ.

ಆದ್ದರಿಂದ ಬರೆಯುತ್ತಿದ್ದೇನೆ. ಶ್ರೀಮತಿ ಮಾಸಿಬಿಯಾ ಅವರಿಗೆ ನೀವು ಹೋದಂದಿನಿಂದಲೂ ಕೆಮ್ಮು. ಪತ್ರ ಹೇಳಿ ಬರೆಸುವಾಗ ನಡುನಡುವೆ ಎದ್ದು ಒಳಗೆ ಹೋಗುತ್ತಾರೆ. ಮೊನ್ನೆ ಹೆಗಲ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡರು. ನಾಟಿ ವೈದ್ಯರು ಉಡುವ ಬಟ್ಟೆ ಕೆಂಪಾದ್ದರಿಂದ ಬೇರೆಯವರಿಗೆ ತಿಳಿಯುವುದಿಲ್ಲ. ಅದರ ಬಿಳಿಯ ಅಂಚಿನಲ್ಲಿ ನಾನು ರಕ್ತ ಕಂಡೆ. ಸೊಂಟದ ಪಟ್ಟಿಯನ್ನು ಎರಡು ಸಲ ಬಿಗಿ ಮಾಡಿಕೊಂಡಿದ್ದಾರೆ. "ಇದನ್ನ ಬರೆದ್ಯೋ, ಮತ್ತೆ ಈ ಮರದ ಕೆಳಗೆ ಕೂರಬೇಡ" ಎಂದಿದ್ದಾರೆ.

ನಾನು ಆ ಮರದ ಕೆಳಗೆ ಕೂರಲು ಬಯಸುತ್ತೇನೆ. ಆದರೂ ಬರೆದಿದ್ದೇನೆ.

ತಮ್ಮ ವಿಶ್ವಾಸಿ,
ಎಫ್. ಮಬಾಸೊ


ಡರ್ಬನ್
12 ಮೇ 1997

ಪ್ರೀತಿಯ ಗೋಗೋ,

ಕಳೆದ ಶನಿವಾರ ಹೇಳದೆ ಕೇಳದೆ ಬಂದವಳಿಗೆ ಕೋಳಿ ಕೊಯ್ದು ಊಟ ಹಾಕಿದಿರಿ. ನಾಲ್ಕು ಗಂಟೆ ಜೊತೆಗೆ ಕೂತೆವು. ಅಷ್ಟರಲ್ಲಿ ನೀವು ಮೂರು ಸಲ ಕೊಟ್ಟಿಗೆಯ ಹಿಂದೆ ಹೋಗಿಬಂದಿರಿ. ನಾನು ಕೇಳಲಿಲ್ಲ. ನೀವು ಹೇಳಲಿಲ್ಲ. ಕೋಳಿ ಚೆನ್ನಾಗಿತ್ತು ಎಂದು ಇಬ್ಬರೂ ಒಪ್ಪಿಕೊಂಡೆವು.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದೆ. ಸಿಸ್ಟರ್ ಗುಮೆದೆ ದಪ್ಪ ಕನ್ನಡಕದ, ಗಟ್ಟಿ ಗಂಟಲಿನ ಹೆಂಗಸು; ಅವರೂ ಚರ್ಚಿನವರೇ. ಐವತ್ತೆಂಟರ ಕಥೆಯನ್ನು ಹೆಸರು ಹೇಳದೆ ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಿದ್ದರು. ಆಮೇಲೆ, "ನಾನು ಟ್ರೇನಿಂಗ್‌ನಲ್ಲಿದ್ದಾಗ ನಮಗೂ ಹಾಗೇ ಮಾಡೋಕೆ ಹೇಳಿಕೊಟ್ಟಿದ್ರು. ನಾನೂ ಮಾಡಿದೀನಿ" ಎಂದರು. ಇನ್ನು ತಮ್ಮ ವಾರ್ಡಿನಲ್ಲಿ ಯಾರ ಮಣಿಯನ್ನೂ ಯಾರೂ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ.

ಗೋಗೋ, ಬನ್ನಿ. ನನಗೋಸ್ಕರ ಬನ್ನಿ. ನಾನು ಕಲಿಯಬೇಕಾದದ್ದು ಇನ್ನೂ ಬಹಳ ಇದೆ.

ನಿಮ್ಮ,
ನೊಮಲಂಗಾ


ಎಮ್ಫುಲೆನಿ
1 ಜೂನ್ 1997

ನೊಮಲಂಗಾ,

ಕೊಟ್ಟಿಗೆ ಹಿಂದೆ ಹೋದ್ರೆ ಮುದುಕಿಗೆ ಹೊಟ್ಟೆ ಕೆಟ್ಟಿದೆ ಅಂದ್ಕೊಳ್ತಾರೆ, ನೇರ ಕ್ಷಯದ ವಾರ್ಡಿಗೆ ಓಡಲ್ಲ. ನಿಂಗೆ ಯಾರೋ ಹೇಳಿದಾರೆ ಅಂತ ಆಗ್ಲೇ ಗೊತ್ತಾಯ್ತು. ಮಬಾಸೊನ ಕೇಳ್ದೆ. ಸುಳ್ಳು ಹೇಳ್ತಾನೇನೋ ಅಂತ ನೋಡ್ದೆ. ಹ್ಯಾಟು ತೆಗೆದು, "ನಾನೇ ಬರೆದೆ. ನಿಮ್ಮ ಮಾತಲ್ಲ, ನನ್ನ ಮಾತು" ಅಂದ. ಎದ್ದು ಹೋಗು ಅಂದೆ. ಹೋದ. ಎರಡು ವಾರ ಮಾತಾಡ್ಸಿಲ್ಲ. ಅದಕ್ಕೇ ಈ ಪತ್ರ ತಡ.

ನಿನ್ನೆ ನಾನೇ ಅವನ ಮನೆಗೆ ಹೋದೆ. ಬರೆಯೋಕೆ ಬಾ ಅಂದೆ. ಬಂದಿದಾನೆ. ಜಾಸ್ತಿ ಹೇಳಲ್ಲ, ಹೇಳಿದ್ರೆ ಬರ್ಕೊಂಡ್ಬಿಡ್ತಾನೆ.

ಈಗ ನಿನ್ನ ವಿಷಯ. ನಂದು ಕ್ಷಯ ಅಂತ ನಂಗೊತ್ತು. ನಲವತ್ತು ವರ್ಷ ಜನರ ಎದೆ ಕೇಳಿದೋಳಿಗೆ ತನ್ನ ಎದೆ ಕೇಳಲ್ವಾ? ನೀನು ಆ ನರ್ಸಿನ ಮುಂದೆ ಕೂತು ನನ್ನ ಮಣಿಗೆ ಮರ್ಯಾದೆ ಕೊಡಿ ಅಂತ ಕೇಳ್ದೆ. ಒಳ್ಳೇದು. ಆವತ್ತು ನಿನ್ನ ಮಣಿ ಎಲ್ಲಿತ್ತು? ರವಿಕೆ ತೋಳಿನ ಒಳಗೆ. ನೀನು ಮುಚ್ಚಿಡೋದನ್ನ ಬೇರೆಯವ್ರು ಯಾಕೆ ಗೌರವಿಸ್ಬೇಕು?

ನಾನು ಬರ್ತೀನಿ. ಎದೆ ಮೇಲೆ ಮಣಿ ಹಾಕ್ಕೊಂಡೇ ಬರ್ತೀನಿ. ಅದಕ್ಕೆ ಮುಂಚೆ ನೀನು ನಿನ್ನ ಮಣಿ ಹಾಕ್ಕೊಂಡು ನಿನ್ನ ಮಕ್ಕಳ ಮುಂದೆ, ಪಾಠ ಮಾಡ್ತೀಯಲ್ಲ, ಅಲ್ಲಿ ನಿಂತ್ಕೋ. ಆಮೇಲೆ ಬರಿ. ಸುಳ್ಳು ಬರೀಬೇಡ, ನಂಗೆ ಗೊತ್ತಾಗತ್ತೆ.

ಗೋಗೋ


ಡರ್ಬನ್
8 ಜೂನ್ 1997

ಪ್ರೀತಿಯ ಗೋಗೋ,

ಮೊನ್ನೆ ಶುಕ್ರವಾರ, ಈ ಸೆಮಿಸ್ಟರಿನ ಕೊನೆಯ ಪಾಠದಂದು ನಿಂತೆ.

ತೋಳಿಲ್ಲದ ಕರಿಯ ರವಿಕೆ, ಹೆಗಲಿಗೆ ಕೆಂಪು ಬಟ್ಟೆ, ಎದೆಯ ಮೇಲೆ ನೀವು ಕಟ್ಟಿಕೊಟ್ಟ ಸರ, ಕೈಗೆ ಕೆಂಪು ಬಿಳಿ ಮಣಿ. ನೂರಾ ನಲವತ್ತು ಜನ. ಮೊದಲು ಹಿಂದಿನ ಸಾಲಿನಲ್ಲಿ ನಗು. ಇಬ್ಬರು ಎದ್ದು ಹೋದರು. ನಾನು ಹಲಗೆಯ ಮೇಲೆ 'ಕಾಯಿಲೆಗೆ ಯಾರು ಹೆಸರಿಡುತ್ತಾರೆ?' ಎಂದು ಬರೆದು ಪಾಠ ಆರಂಭಿಸಿದೆ. ಕಾಲು ಗಂಟೆಯ ಮೇಲೆ ಮೂರನೆಯ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು. ಅವಳ ಕೈಯಲ್ಲಿ ನನ್ನ ಪುಸ್ತಕವಿತ್ತು.

"ಡಾಕ್ಟರ್, ನೀವೇ ಇಲ್ಲಿ ಬರೆದಿದೀರಿ. ಹಿರಿಯರ ಕರೆ ಅನ್ನೋದು ಬಡ ಹೆಂಗಸರು ತಮ್ಮ ದಣಿವಿಗೆ ಕೊಟ್ಟ ಹೆಸರು ಅಂತ. ಈಗ ನೀವೇ ಇದನ್ನ ಹಾಕ್ಕೊಂಡಿದೀರಿ. ಯಾವುದು ನಿಜ?"

ಗೋಗೋ, ಆ ವಾಕ್ಯವನ್ನು ನಾನು ನಿಮಗೆ ಎಂದೂ ಓದಿ ಹೇಳಿರಲಿಲ್ಲ. ನಿಮ್ಮ ಮನೆಯಲ್ಲಿ ಉಂಡು, ನಿಮ್ಮ ಚಾಪೆಯ ಮೇಲೆ ಮಲಗಿ, ಹಾಗೆ ಬರೆದಿದ್ದೆ. ಹನ್ನೊಂದು ತಿಂಗಳು ಅದನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಬಾಬಾ ಮಬಾಸೊ, ಇದನ್ನೂ ಬಿಡದೆ ಓದಿ.

ನಾನು ಆ ಹುಡುಗಿಗೆ ಹೇಳಿದೆ: "ಎರಡೂ ನಿಜ. ನಾನು ದಣಿದಿದ್ದೆ. ನನ್ನನ್ನು ಕರೆದದ್ದೂ ನಿಜ. ಪುಸ್ತಕ ಬರೆಯುವಾಗ ನನಗೆ ಅರ್ಧವೇ ಗೊತ್ತಿತ್ತು. ಗೊತ್ತಿದ್ದ ಅರ್ಧವನ್ನೇ ಪೂರ್ತಿ ಅಂದುಕೊಂಡಿದ್ದೆ." ಅವಳು ಅದನ್ನು ಬರೆದುಕೊಂಡಳು. ಪರೀಕ್ಷೆಯಲ್ಲಿ ಏನು ಬರೆಯುತ್ತಾಳೋ ಕಾಣೆ.

ಸಂಜೆಯ ಹೊತ್ತಿಗೆ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಮುಖ್ಯಸ್ಥರು ಕರೆಸಿ ಚಹಾ ಕೊಟ್ಟರು. ಒಳ್ಳೆಯ ಮನುಷ್ಯ, ಬಹಳ ಸಂಕಟಪಟ್ಟುಕೊಂಡು ಹೇಳಿದರು: ನಾಟಿ ವೈದ್ಯರ ಬಗ್ಗೆ ಅಧ್ಯಯನ ಮಾಡುವವಳೇ ನಾಟಿ ವೈದ್ಯೆಯಾದರೆ ವರದಿಯನ್ನು ಯಾರೂ ನಂಬುವುದಿಲ್ಲ. ಕ್ಷಯದ ಅಧ್ಯಯನದ ಹೊಣೆ ಇನ್ನು ನನ್ನದಲ್ಲ. ಕೆಲಸ ನಡೆಯುತ್ತದೆ, ನಾನು ಅದರಲ್ಲಿ ಇರುವುದಿಲ್ಲ. ಮನೆಗೆ ಬಂದು ಅತ್ತೆ. ಶ್ರೀಮತಿ ಪಿಳ್ಳೆ ಬಾಗಿಲು ತಟ್ಟಿ ಒಂದು ತಟ್ಟೆ ಬಿಸಿ ವಡೆ ಕೊಟ್ಟು, ನನ್ನ ಎದೆಯ ಮಣಿ ನೋಡಿ, "ಚೆನ್ನಾಗಿದೆ. ಇದನ್ನ ಯಾಕೆ ಇಷ್ಟು ದಿನ ಒಳಗಿಟ್ಟಿದ್ದೆ?" ಎಂದರು.

ನಾನು ಅಧ್ಯಯನದವಳಾಗಿ ಬರುತ್ತಿಲ್ಲ. ನಿಮ್ಮ ಶಿಷ್ಯೆಯಾಗಿ, ಹತ್ತೊಂಬತ್ತನೇ ತಾರೀಖು ಗುರುವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮ ಅಂಗಳದಲ್ಲಿರುತ್ತೇನೆ. ಆ ವಾಕ್ಯ ಓದಿಸಿಕೊಂಡ ಮೇಲೆ ನಿಮಗೆ ನನ್ನ ಜೊತೆ ಬರಲು ಮನಸ್ಸಿಲ್ಲದಿದ್ದರೆ, ಬಾಬಾ ಮಬಾಸೊ ಅವರ ಜೊತೆ ಹೋಗಿ. ಆದರೆ ಹೋಗಿ.

ನೊಮಲಂಗಾ


ಆಸ್ಪತ್ರೆಯ ಜಗಲಿಯಿಂದ
19 ಜೂನ್ 1997

ಬಾಬಾ ಮಬಾಸೊ ಅವರಿಗೆ,

ನೀವು ಆಡು ಕೋಳಿ ನೋಡಿಕೊಳ್ಳುತ್ತ ಅಲ್ಲೇ ಉಳಿದಿರಿ. ಇಲ್ಲಿ ನಡೆದದ್ದನ್ನು ನಿಮ್ಮ ಪದ್ಧತಿಯಂತೆಯೇ, ಸೇರಿಸದೆ ಬಿಡದೆ ಬರೆಯುತ್ತೇನೆ. ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ.

ಆಸ್ಪತ್ರೆಯ ಗೇಟು ಬಂದಾಗ ಗೋಗೋ ನನ್ನ ಮಣಿಕಟ್ಟು ಹಿಡಿದರು. ಸಿಸ್ಟರ್ ಗುಮೆದೆ ಬಾಗಿಲಿಗೇ ಬಂದು ನಾಟಿ ವೈದ್ಯರಿಗೆ ವಂದಿಸುವಂತೆ ಎರಡೂ ಕೈ ಜೋಡಿಸಿ ತಟ್ಟಿ, "ಮಖೋಸಿ, ಗೋಗೋ" ಎಂದರು. ಸುತ್ತಲಿನ ನರ್ಸ್‌ಗಳು ಬೆಚ್ಚಿಬಿದ್ದರು. ಗೋಗೋ ಮುಖ ಸಡಿಲಾಯಿತು.

ಆಮೇಲೆ ಎಕ್ಸ್-ರೇ. ನಾವ್ಯಾರೂ ಅದನ್ನು ಯೋಚಿಸಿರಲಿಲ್ಲ. ಎದೆಯ ಮೇಲೆ ಮಣಿಯಿದ್ದರೆ ಚಿತ್ರದಲ್ಲಿ ಶ್ವಾಸಕೋಶ ಕಾಣುವುದಿಲ್ಲ, ತೆಗೆಯಲೇಬೇಕು. ಗೋಗೋ ನನ್ನ ಕಡೆ ನೋಡಿದರು. ನಾನು ಮಂಡಿಯೂರಿ ಹಿರಿಯರನ್ನು ಹೆಸರು ಹಿಡಿದು ಕರೆದು ಕ್ಷಮೆ ಕೇಳಿ ಒಂದೊಂದೇ ಸರ ಬಿಚ್ಚಿ ಬಟ್ಟೆಯಲ್ಲಿಟ್ಟೆ. ಕೊನೆಯ ಸರ ಬಿಚ್ಚಲಾಗಲಿಲ್ಲ. ಗಂಟು ಬೆವರು ಕುಡಿದು ಕಲ್ಲಾಗಿತ್ತು. ಹೊರಗೆ ಉದ್ದ ಸಾಲು. ಎಕ್ಸ್-ರೇ ತೆಗೆಯುವವನು "ಬೇಗ ಆಗ್ಲಿ" ಎಂದು ಮೇಜಿನ ಮೇಲಿದ್ದ ಕತ್ತರಿ ಎತ್ತಿದ.

ಬಾಬಾ, ಗೋಗೋ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಅವರ ಕಣ್ಣು ನಮ್ಮ ಯಾರ ಮೇಲೂ ಇರಲಿಲ್ಲ, ನೆಲದ ಮೇಲಿತ್ತು.

ಸಿಸ್ಟರ್ ಗುಮೆದೆ ಅವನ ಕೈಯಿಂದ ಕತ್ತರಿ ಕಿತ್ತುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. ತಲೆಯ ಟೋಪಿಯಿಂದ ಒಂದು ಪಿನ್ನು ತೆಗೆದು, ಕನ್ನಡಕ ಮೇಲೆ ಸರಿಸಿ, ಗೋಗೋ ಎದೆಯ ಹತ್ತಿರ ಮುಖವಿಟ್ಟು ಗಂಟು ಬಿಡಿಸತೊಡಗಿದರು. ಗೋಗೋ, "ನಂಗೆ ಕ್ಷಯ ಇದೆ, ಮುಖ ಆಚೆ ಇಡು ತಾಯಿ" ಎಂದರು. ಅವರು, "ಇಪ್ಪತ್ತು ವರ್ಷದಿಂದ ಕ್ಷಯದ ಮುಂದೆಯೇ ಮುಖ ಇಟ್ಟಿದೀನಿ. ನೀವು ಉಸಿರು ಆ ಕಡೆ ಬಿಡಿ" ಎಂದರು. ಸಾಲಿನಲ್ಲಿದ್ದವರು ಬಾಗಿಲಿಂದ ಇಣುಕಿ ಸಲಹೆ ಕೊಡತೊಡಗಿದರು. ಎಣ್ಣೆ ಹಾಕಿ. ಹಲ್ಲಲ್ಲಿ ಎಳೀರಿ. ಸೋಪು ಹಚ್ಚಿ. ಕಾಲು ಗಂಟೆ ಹಿಡಿಯಿತು. ಗಂಟು ಬಿಟ್ಟಾಗ ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆಗ ಗೋಗೋ ಅತ್ತರು. ನಲವತ್ತು ವರ್ಷದ್ದೆಲ್ಲ ಒಟ್ಟಿಗೆ. ಸಿಸ್ಟರ್ ಅವರನ್ನು ಹಿಡಿದುಕೊಂಡೇ ಇದ್ದರು. ಎಕ್ಸ್-ರೇಯವನೂ ಯಂತ್ರದ ಹಿಂದೆ ಹೋಗಿ ನಿಂತ.

ಕ್ಷಯವೇ. ಎಡಗಡೆ ಹೆಚ್ಚು. ಗುಣವಾಗುತ್ತದೆ ಎಂದಿದ್ದಾರೆ. ಎರಡು ವಾರ ವಾರ್ಡಿನಲ್ಲಿ ಇಟ್ಟುಕೊಂಡು ಮನೆಗೆ ಕಳಿಸುತ್ತಾರೆ. ಮಣಿ ಈಗ ಮತ್ತೆ ಅವರ ಎದೆಯ ಮೇಲಿದೆ.

ನನ್ನ ಪುಸ್ತಕದ ಆ ವಾಕ್ಯದ ಬಗ್ಗೆ ಅವರು ಒಂದೇ ಮಾತು ಹೇಳಿದರು. ಮಲಗುವಾಗ, ಗೋಡೆಯ ಕಡೆ ತಿರುಗಿಕೊಂಡು: "ದಣಿವು ಅಂತ ಬರೆದಿದ್ದು ಸರಿಯಾಗೇ ಇದೆ. ದಣಿದಿದೀನಿ. ದೀಪ ಆರ್ಸು."

ನಿಮ್ಮ ವಿಶ್ವಾಸಿ,
ನೊಮಲಂಗಾ ಖೋಝಾ


ಎಮ್ಫುಲೆನಿ
21 ಸೆಪ್ಟೆಂಬರ್ 1997

ನೊಮಲಂಗಾ, ಮಗಳೇ,

ಮನೆಗೆ ಬಂದು ಹನ್ನೊಂದು ವಾರ ಆಯ್ತು. ಕೆಮ್ಮಿಲ್ಲ. ಸೊಂಟದ ಪಟ್ಟಿ ಎರಡು ತೂತು ಸಡಿಲ ಮಾಡ್ಕೊಂಡಿದೀನಿ. ಮಾತ್ರೆ ಕುದುರೆಗೆ ಕೊಡೋ ಅಷ್ಟು ದಪ್ಪ ಇದಾವೆ. ದಿನಾ ಬೆಳಿಗ್ಗೆ ಮಬಾಸೊ ಬಂದು ಎದುರಿಗೆ ಕೂತು ನುಂಗಿಸ್ತಾನೆ, ಕಾರ್ಡಿನ ಮೇಲೆ ಗುರುತು ಹಾಕ್ತಾನೆ, ಸಹಿ ಮಾಡ್ತಾನೆ, ಇಸವಿ ಸಮೇತ. ಮಾತ್ರೆ ತಗೊಂಡ್ರೆ ಕೊಟ್ಟಿಗೆ ಹಿಂದೆ ಹೋದಾಗ ಇನ್ನೊಂದೇನೋ ಕೆಂಪಗಾಗತ್ತೆ, ಅದನ್ನ ಬರಿ ಅಂದ್ರೆ ಬರೀತಿಲ್ಲ. (ಮಹಿಳೆಯೊಬ್ಬರ ಖಾಸಗಿ ಸಂಗತಿ. ಬಿಟ್ಟಿದ್ದೇನೆ.) ನೋಡು, ಒಂದು ಮಾತೂ ಬಿಡಲ್ಲ ಅಂತಿದ್ದೋನು.

ಈಗ ಅವನ ಸುದ್ದಿ ಕೇಳು. ಆಗಸ್ಟಿನ ಗಾಳಿಗೆ ಕಾಗದ ಹಾರತ್ತೆ ಅಂತ ಒಳಗೆ ಬಂದು ಕೂರೋಕೆ ಶುರು ಮಾಡ್ದ. ಅಲ್ಲಿ ಹತ್ರ ಕೂತಾಗ ಅವನ ಎದೆ ಕೇಳಿಸ್ತು. ಒಣಗಿದ ಸೋರೆಬುರುಡೆ ಅಲ್ಲಾಡಿಸಿದ ಹಂಗೆ. ಮರದ ಕೆಳಗೇ ಕೂತಿದ್ರೂ ನನ್ನ ಮುಂದೆ ಎಷ್ಟು ತಿಂಗಳು ಕೂತಿದ್ದ ನೋಡು. ನಡಿ ಆಸ್ಪತ್ರೆಗೆ ಅಂದೆ. ನಂಗೇನಾಗಿಲ್ಲ ಅಂದ. ನಿನ್ನ ಹಂಗೇ ನಾನೂ ಪತ್ರ ಬರೆಸ್ಬೇಕಾ ಅಂದೆ. ಯಾರ ಕೈಲಿ ಅಂದ. ಇಬ್ರಿಗೂ ನಗು ಬಂತು.

ನಾನೇ ಕರ್ಕೊಂಡು ಹೋದೆ. ಸಿಸ್ಟರ್ ಗುಮೆದೆ ಉಗುಳು ಪರೀಕ್ಷೆ ಮಾಡಿಸಿದ್ಲು. ಅವನಿಗೂ ಅದೇ. ಮೊನ್ನೆ ಹದಿನೈದಕ್ಕೆ ಮಾತ್ರೆ ಶುರು. ಈಗ ನಾನು ಅವನಿಗೆ ನುಂಗಿಸ್ತೀನಿ, ಅವನು ನಂಗೆ ನುಂಗಿಸ್ತಾನೆ. ಅವನಿಗೆ ಕಾಯಿಲೆ ನನ್ನಿಂದ್ಲೇ ಬಂದಿದ್ದು. ಅದನ್ನೂ ಬರಿ ಅಂದೆ. (ಇದು ಸಾಬೀತಾಗಿಲ್ಲ.)

ಗೋಗೋ


ಡರ್ಬನ್
23 ನವೆಂಬರ್ 1997

ಪ್ರೀತಿಯ ಗೋಗೋ ಮತ್ತು ಬಾಬಾ ಮಬಾಸೊ ಅವರಿಗೆ,

ಇನ್ನು ನಿಮ್ಮಿಬ್ಬರಿಗೂ ಸೇರಿಸಿಯೇ ಬರೆಯುತ್ತೇನೆ, ಹೇಗೂ ಇಬ್ಬರೂ ಕೇಳುತ್ತೀರಿ.

ನನ್ನ ಕೋಣೆಯ ಬಾಗಿಲಲ್ಲಿ ಈಗ ಎರಡು ಸಾಲು. ಒಂದು ಪ್ರಬಂಧ ತಿದ್ದಿಸಿಕೊಳ್ಳುವವರದು. ಇನ್ನೊಂದು ಸಾಲಿನವರು ತಾವೂ ಪ್ರಬಂಧಕ್ಕೇ ಬಂದವರಂತೆ ಪುಸ್ತಕ ಹಿಡಿದಿರುತ್ತಾರೆ. ಒಳಗೆ ಬಂದು ಬಾಗಿಲು ಹಾಕಿಕೊಂಡು, "ಡಾಕ್ಟರ್, ನನಗೆ ನಿದ್ದೆ ಬರಲ್ಲ" ಅನ್ನುತ್ತಾರೆ. ಆವತ್ತು ಪ್ರಶ್ನೆ ಕೇಳಿದ ಹುಡುಗಿಯೂ ಬಂದಿದ್ದಳು. ಕೆಲವರನ್ನು ಡಾಕ್ಟರ ಬಳಿಗೆ ಕಳಿಸುತ್ತೇನೆ, ಕೆಲವರನ್ನು ಅವರ ತಾಯಿಯ ಬಳಿಗೆ. ಹಿರಿಯರನ್ನು ಕೇಳಲು ಚಾಪೆ ಹಾಸುವುದು ಬಹಳ ಕಡಿಮೆ.

ಕ್ಷಯದ ಅಧ್ಯಯನ ಈಗ ನಡೆಸುತ್ತಿರುವವರು ಮೊನ್ನೆ ಬಂದು ಅಂಕಿಅಂಶ ತೋರಿಸಿದರು. ಹನ್ನೊಂದು ಗೋಗೋಗಳು ಸೇರಿದ್ದಾರೆ. ಅವರ ಕೈಯಲ್ಲಿ ಮಾತ್ರೆ ಬಿಟ್ಟವರು ಒಬ್ಬರೂ ಇಲ್ಲವಂತೆ. ವರದಿಯಲ್ಲಿ ನನ್ನ ಹೆಸರಿರುವುದಿಲ್ಲ. ಒಂದು ಗಂಟೆ ಹೊಟ್ಟೆಕಿಚ್ಚುಪಟ್ಟೆ. ಆಮೇಲೆ ಪುತು ಮಾಡಿ ಉಂಡೆ. ನನ್ನ ಹಳೆಯ ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಬರೆಯುತ್ತಿದ್ದೇನೆ. ಆ ವಾಕ್ಯ ಇರುತ್ತದೆ. ಅದರ ಮುಂದೆ ಇನ್ನೂರು ಪುಟ ಬರುತ್ತದೆ.

ಕ್ರಿಸ್‌ಮಸ್‌ಗೆ ಬರುತ್ತೇನೆ. ಬಾಬಾ, ನೀವು ದಿನವೂ ಗುಡಿಸಲಿನ ಒಳಗೆ ಕೂರುವುದಕ್ಕೆ ನಿಮ್ಮ ಚರ್ಚಿನವರು ಏನೆನ್ನುತ್ತಾರೆ?

ನಿಮ್ಮ,
ನೊಮಲಂಗಾ


ಎಮ್ಫುಲೆನಿ
29 ಮಾರ್ಚ್ 1998

ನೊಮಲಂಗಾ, ಮಗಳೇ,

ಬೇಸಿಗೆ ಮುಗೀತಾ ಬಂತು. ನಂಗೆ ಈಗ ಪೂರ್ತಿ ವಾಸಿ. ಸಿಸ್ಟರ್ ಗುಮೆದೆ ತಿಂಗಳಿಗೊಂದ್ಸಲ ಇಲ್ಲಿಗೇ ಬರ್ತಾಳೆ. ಅವಳ ಮಂಡಿ ನೋವಿಗೆ ಬೇರಿನ ಕಷಾಯ ಕೊಟ್ಟಿದೀನಿ, ಆಸ್ಪತ್ರೇಲಿ ಹೇಳ್ಬೇಡ. ನನ್ನ ಹತ್ರ ಈಗ ಆರು ಜನ ಮಾತ್ರೆ ನುಂಗೋಕೆ ಬರ್ತಾರೆ. ಚರ್ಚಿನ ಪಾದ್ರಿ ಮಬಾಸೊನ ಕರೆದು ಕೇಳಿದ್ರಂತೆ, ದಿನಾ ಯಾಕಯ್ಯಾ ಅಲ್ಲಿಗೆ ಹೋಗ್ತೀಯ ಅಂತ. ಇವನು ಕಾರ್ಡ್ ತೋರ್ಸಿದಾನೆ. ಸರ್ಕಾರದ ಮೊಹರು ಇರೋ ಕಾರ್ಡು, ಪಾದ್ರಿ ಏನ್ ಮಾಡ್ತಾರೆ?

ಮಬಾಸೊ ಮಾತ್ರೆ ಮೊನ್ನೆ ಇಪ್ಪತ್ತಕ್ಕೆ, ಶುಕ್ರವಾರ, ಮುಗೀತು. ಸಿಸ್ಟರ್ ಬಂದು ಕಾರ್ಡಿನ ಕೆಳಗೆ ಗೀಟು ಎಳೆದು, ಗುಣವಾಗಿದೆ ಅಂತ ಬರೆದು, ಕೈ ಕುಲುಕಿ ಹೋದ್ಲು. ಇವನೂ ನಂಗೆ ಹ್ಯಾಟು ತೆಗೆದು ವಂದನೆ ಹೇಳಿ ಹೋದ. ನಾನೂ ಸರಿ ಹೋಗು, ಮೈ ನೋಡ್ಕೋ ಅಂದೆ.

ಶನಿವಾರ ಬೆಳಿಗ್ಗೆ ಕೋಳಿಗೆ ಕಾಳು ಹಾಕ್ತಿದ್ದೆ. ಬೇಲಿ ಮೇಲೆ ಹ್ಯಾಟು ಕಾಣ್ತು. ಬಂದ. ಒಳಗೆ ಹೋಗಿ ಅವನ ಜಾಗದಲ್ಲಿ ಕೂತ. ನಾನು ನೀರು ತಂದಿಟ್ಟೆ. ಕುಡಿದ. ಬಾಯಿ ತೆಗಿ ಅಂದೆ. ತೆಗೆದ. ನಾಲಿಗೆ ಎತ್ತು ಅಂದೆ. ಎತ್ತಿದ. ಏನೂ ಇರ್ಲಿಲ್ಲ, ಏನಿರತ್ತೆ? ಸರಿ ಅಂದೆ. ಅರ್ಧ ಗಂಟೆ ಕೂತು, ಆಡಿನ ವಿಷಯ ಮಾತಾಡಿ ಹೋದ.

ಭಾನುವಾರ ಚರ್ಚಿಗೆ ಹೋಗೋಕ್ ಮುಂಚೆ ಬಂದ. ಸೋಮವಾರ ಬಂದ. ಇವತ್ತಿಗೆ ಒಂಬತ್ತು ದಿನ. ಮಾತ್ರೆ ಮುಗ್ದಿದೆ ಅಂತ ಅವನೂ ಹೇಳಿಲ್ಲ, ನಾನೂ ಹೇಳಿಲ್ಲ.

ಈಗ ಅವನ ಎದುರಿಗೇ ಕೂತು ಇದನ್ನ ಹೇಳ್ತಿದೀನಿ. ಬರೀತಾ ಇದಾನೆ. ತಲೆ ಎತ್ತಿಲ್ಲ. ಪೆನ್ನು ಮಾತ್ರ ಮೊದ್ಲಿಗಿಂತ ನಿಧಾನ ಆಗಿದೆ.

ಇದಕ್ಕೆ ಉತ್ತರ ಬರೀಬೇಡ, ಮಗಳೇ. ಬರೆದ್ರೆ ನಂಗೆ ಓದಿ ಹೇಳ್ಬೇಕಾದೋನು ಅವನೇ, ಪಾಪ.

ನಿನ್ನ ಗೋಗೋ